ಕೆಸರುಗದ್ದೆಯಲ್ಲಿ ಗಡಿಯಾರವಿಲ್ಲ

ನಾಟಿಗೆ ಮುಂಚೆ ಟಿಲ್ಲರ್ ಹೊಡೆದು ನೀರು ನಿಲ್ಲಿಸಿದ್ದ ಗದ್ದೆ. ಒಂದು ತುದಿಯಲ್ಲಿ ಅಡಿಕೆ ದಬ್ಬೆ ಹುಗಿದು ಹಗ್ಗ ಕಟ್ಟಿದ್ದರು. ಇನ್ನೊಂದು ತುದಿಯಲ್ಲಿ ಸಾಲಾಗಿ ನಿಂತ ಮಕ್ಕಳು, ಅಂಚಿನ ಮೇಲೆ ಕೊಡೆ ಹಿಡಿದ ಊರು. ಕೊಪ್ಪ ತಾಲ್ಲೂಕಿನ ನಾರ್ವೆ ಕಡೆ ಮಳೆಗಾಲದಲ್ಲಿ ನೋಡಿದ ಆ ಕೆಸರುಗದ್ದೆ ಓಟ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಸೀಟಿ ಊದಿದ್ದೇ ತಡ, ಹತ್ತು ಹೆಜ್ಜೆಯೊಳಗೆ ಅರ್ಧ ಮಕ್ಕಳು ಮಕಾಡೆ. ಎದ್ದರು, ನಕ್ಕರು, ಓಡಿದರು, ಮತ್ತೆ ಬಿದ್ದರು. ಹಗ್ಗ ಮುಟ್ಟಿ ಬಂದ ಹುಡುಗನೊಬ್ಬನನ್ನು ‘ಎಷ್ಟನೇದು ಬಂದ್ಯಾ ಪುಟ್ಟಾ?’ ಎಂದು ಕೇಳಿದೆ. ‘ಗೊತ್ತಿಲ್ಲ ಮಾಮ, ನಾನು ನಾಕು ಸಲ ಬಿದ್ದೆ’ ಅಂದ. ಆ ಮುಖದಲ್ಲಿ ಹೆಮ್ಮೆಯಲ್ಲದೆ ಬೇರೇನೂ ಇರಲಿಲ್ಲ.

ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟಗಳನ್ನು ನೋಡಿದವರಿಗೆ ಈ ಉತ್ತರದ ಬೆಲೆ ಗೊತ್ತಾಗುತ್ತದೆ. ಅಲ್ಲಿ ಸುಣ್ಣದ ಗೆರೆಯ ನಡುವೆ ಕೊನೆಯಲ್ಲಿ ಬಂದ ಮಗು ನೇರ ಶಾಮಿಯಾನದ ಹಿಂದೆ ಹೋಗಿ ನಿಲ್ಲುತ್ತದೆ. ಮುಂದಿನ ವರ್ಷ ಹೆಸರು ಕೊಡುವುದಿಲ್ಲ. ಇನ್ನು ಗೆದ್ದ ಮಗುವಿನ ಕಷ್ಟ ಬೇರೆ: ನೂರು, ಇನ್ನೂರು, ಉದ್ದಜಿಗಿತ, ರಿಲೇ, ಎಲ್ಲಕ್ಕೂ ಅದೇ ಮಗು, ಅದೇ ದಿನ. ಹತ್ತಿಪ್ಪತ್ತು ಮಕ್ಕಳಿರುವ ಮಲೆನಾಡಿನ ಶಾಲೆಗೆ ದೈಹಿಕ ಶಿಕ್ಷಕರು ಎಲ್ಲಿಂದ ಬರಬೇಕು? ಹಿಂದಿನ ವಾರ ಗಣಿತ ಮಾಡುತ್ತಿದ್ದ ಮೇಷ್ಟ್ರೇ ಕೂಟದ ದಿನ ಕೋಚ್.

ಕೆಸರಿಗೆ ವಾಪಸ್ ಬರುತ್ತೇನೆ. ಅದನ್ನು ಬಿಡುವ ಮನಸ್ಸಿಲ್ಲ.

ಹೂತ ಕಾಲನ್ನು ಕೆಸರು ಹಿಡಿದುಕೊಳ್ಳುತ್ತದೆ. ಉದ್ದ ಹೆಜ್ಜೆ ಹಾಕಿದವನು ಕಾಲು ಕಿತ್ತುಕೊಳ್ಳುವಷ್ಟರಲ್ಲಿ ಮುಗ್ಗರಿಸುತ್ತಾನೆ. ಮಂಡಿ ಮೇಲೆತ್ತಿ ಗಿಡ್ಡ ಗಿಡ್ಡ ಹೆಜ್ಜೆಯನ್ನು ಚುರುಕಾಗಿ ಹಾಕುವವನು ಮುಂದೆ ಹೋಗುತ್ತಾನೆ. ಅಂಚಿನ ಮೇಲಿದ್ದ ಅಜ್ಜಿಯೊಬ್ಬರು ‘ಮಂಡಿ ಎತ್ತಾ, ಮಂಡಿ ಎತ್ತಾ’ ಎಂದು ಕೂಗುತ್ತಿದ್ದರು. ಪೇಟೆಯ ಅಥ್ಲೆಟಿಕ್ಸ್ ಕ್ಲಬ್ಬುಗಳಲ್ಲಿ ಶುಲ್ಕ ಕಟ್ಟಿಸಿಕೊಂಡು ಹೇಳಿಕೊಡುವ ಮೊದಲ ಪಾಠವೂ ಅದೇ. ಶಾಲೆಯ ಟ್ರ್ಯಾಕಿನಲ್ಲಿ ಸದಾ ಮೊದಲು ಬರುವ ಉದ್ದ ಕಾಲಿನ ಹುಡುಗ ಇಲ್ಲಿ ಎಲ್ಲರಿಗಿಂತ ಮೊದಲು ಉರುಳುತ್ತಾನೆ, ಗುಂಡಗಿನ ಹುಡುಗಿಯೊಬ್ಬಳು ಅವನನ್ನು ದಾಟಿ ಹೋಗುತ್ತಾಳೆ. ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತಿರದ ಓಟಕ್ಕೆ ಎಲ್ಲ ಮಕ್ಕಳೂ ಬರುತ್ತಾರೆ. ಬಿದ್ದರೆ ಪೆಟ್ಟಿಲ್ಲ, ಬೀಳದಿದ್ದರೇ ಮಜವಿಲ್ಲ. ಗಟ್ಟಿ ನೆಲದ ಗುದ್ದು ಮಂಡಿಗೆ ತಗಲುವುದಿಲ್ಲ, ಮೀನಖಂಡಕ್ಕೆ ಮಾತ್ರ ಭರ್ತಿ ಕೆಲಸ.

ಆಮೇಲೆ ಹಾಳೆ ಓಟ. ಅಡಿಕೆ ಹಾಳೆಯ ಮೇಲೆ ಒಬ್ಬ ಕೂರಬೇಕು, ಇನ್ನೊಬ್ಬ ಸೋಗೆ ಹಿಡಿದು ಎಳೆದುಕೊಂಡು ಓಡಬೇಕು. ಭಾರ ಎಳೆದು ಓಡುವ ತರಬೇತಿಗೆ ನಗರದ ಜಿಮ್ಮುಗಳಲ್ಲಿ ಚಕ್ರವಿಲ್ಲದ ಕಬ್ಬಿಣದ ಗಾಡಿ ಇಟ್ಟಿರುತ್ತಾರೆ. ನಮ್ಮ ತೋಟದಲ್ಲಿ ಅದು ಮರದಿಂದ ಉದುರುತ್ತದೆ. ತಂಗಿಯನ್ನು ಕೂರಿಸಿಕೊಂಡು ಎಳೆದ ಅಣ್ಣ ಅರ್ಧದಾರಿಯಲ್ಲಿ ಸುಸ್ತಾಗಿ ತಾನು ಕೂತ, ತಂಗಿ ಎಳೆದಳು. ನಿಯಮದ ಪ್ರಕಾರ ತಪ್ಪೋ ಸರಿಯೋ, ಮೈಕಿನವನು ಇಬ್ಬರಿಗೂ ಚಪ್ಪಾಳೆ ಕೇಳಿದ.

ಇಡೀ ಹೊತ್ತು ಯಾರ ಕೈಯಲ್ಲೂ ಸ್ಟಾಪ್‌ವಾಚ್ ಇರಲಿಲ್ಲ. ನನ್ನ ತಕರಾರು ಇರುವುದು ಆ ವಸ್ತುವಿನ ಮೇಲೆಯೇ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಕ್ಯಾಲ್ಕುಲೇಟರ್ ಹಿಡಿದು ಕೂತಿತು. ನೂರು ಮೀಟರಿಗೆ 9.55, ಬೋಲ್ಟ್‌ಗಿಂತ ವೇಗ! ಕೋಣಗಳು ಎಳೆಯುತ್ತವೆ ಎಂಬುದನ್ನು ಯಾರೂ ಕಳೆಯಲಿಲ್ಲ. ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರು, ಗೌಡರು ನಯವಾಗಿ ಬೇಡವೆಂದರು. ದೊಡ್ಡವರು, ತಮ್ಮ ಓಟ ಯಾವುದೆಂದು ಅವರಿಗೆ ಗೊತ್ತಿತ್ತು. ಬೇಡ ಎನ್ನಲು ಬರದ ವಯಸ್ಸಿನವನ ಕಥೆ ಒಡಿಶಾದ ಬುಧಿಯಾ ಸಿಂಗ್‌ನದು. 2006ರ ಮೇ ತಿಂಗಳ ಬಿಸಿಲಿನಲ್ಲಿ, ನಾಲ್ಕು ವರ್ಷದ ಹುಡುಗ, ಪುರಿಯಿಂದ ಭುವನೇಶ್ವರಕ್ಕೆ 65 ಕಿಲೋಮೀಟರ್. ಏಳು ಗಂಟೆ ಎರಡು ನಿಮಿಷ ಎಂದು ದಾಖಲೆ ಪುಸ್ತಕಕ್ಕೆ ಬರೆದರು, ಆಮೇಲೆ ಸರ್ಕಾರ ಅವನ ದೂರದ ಓಟ ನಿಲ್ಲಿಸಿತು. ಪೂರ್ಣ ಮ್ಯಾರಥಾನಿಗೆ ಮುಂಬೈಯಲ್ಲಿ 18 ತುಂಬಿದವರಿಗಷ್ಟೇ ಪ್ರವೇಶ.

ಇಲ್ಲಿ ಇನ್ನೊಂದು ನಾರ್ವೆಯನ್ನೂ ಕರೆಯದೆ ಇರಲಾರೆ. ಯುರೋಪಿನದು. ಐವತ್ತೈದು ಲಕ್ಷ ಜನರ ಆ ದೇಶ 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 39 ಪದಕ ಗೆದ್ದು ಎಲ್ಲರಿಗಿಂತ ಮೇಲಿತ್ತು. ಮಕ್ಕಳ ಕ್ರೀಡೆಗೆ 1987ರಿಂದಲೇ ಅಲ್ಲಿ ಕಟ್ಟುನಿಟ್ಟಿನ ನಿಯಮಗಳಿವೆ. ಈಗಿರುವಂತೆ, ಹನ್ನೊಂದು ವರ್ಷದೊಳಗಿನ ಮಕ್ಕಳ ಫಲಿತಾಂಶದ ಪಟ್ಟಿ, ರ‍್ಯಾಂಕ್ ಪಟ್ಟಿ ಹಾಕುವಂತಿಲ್ಲ. ಹದಿಮೂರಕ್ಕೆ ಮುಂಚೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಹನ್ನೆರಡರವರೆಗೆ ಬಹುಮಾನ ಕೊಡುವುದಾದರೆ ಓಡಿದ ಎಲ್ಲರಿಗೂ ಕೊಡಬೇಕು. ಹೀಗೆ ಮುದ್ದು ಮಾಡಿದರೆ ಓಟಗಾರರು ಹುಟ್ಟುತ್ತಾರೆಯೇ ಎಂದು ನನ್ನ ಸ್ನೇಹಿತರು ಮೂಗು ಮುರಿದರು. ಟೋಕಿಯೊ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್ ಅನ್ನು 45.94 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಬರೆದ ಕಾರ್ಸ್ಟೆನ್ ವಾರ್‌ಹೋಮ್ ಅಲ್ಲಿಯವನೇ. 2013ರಲ್ಲಿ ಆತ ವಿಶ್ವ ಯೂತ್ ಚಿನ್ನ ಗೆದ್ದದ್ದು ಎಂಟು ಸ್ಪರ್ಧೆಗಳ ಆಕ್ಟಾಥ್ಲಾನ್‌ನಲ್ಲಿ: ಓಡಿದ, ಹಾರಿದ, ಗುಂಡು ಎಸೆದ. ಹರ್ಡಲ್ಸ್ ಅನ್ನೇ ಹಿಡಿದು ಕೂತದ್ದು ಆಮೇಲೆ.

ಘಟ್ಟದ ಕೆಳಗಿನ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ ಹರ್ಡಲ್ಸ್ ಚಿನ್ನ ತಂದ ಮೇಲೆ ನಮ್ಮ ಕಡೆಯ ಅಪ್ಪಂದಿರಿಗೂ ಆಸೆ ಹುಟ್ಟಿದೆ. ತಪ್ಪಲ್ಲ. ಆದರೆ ಎಂಟು ವರ್ಷದ ಮಗಳನ್ನು ಮುಂಜಾನೆ ಟಾರು ರಸ್ತೆಗೆ ಇಳಿಸಿ, ಹಿಂದೆ ಬೈಕಿನಲ್ಲಿ ಕೂತು ‘ಇನ್ನೊಂದು ಕಿಲೋಮೀಟರ್’ ಎನ್ನುವುದು ಬೇಡ. ತೋಟದ ರಸ್ತೆಯ ತಿರುವಿನಲ್ಲಿ ಪಿಕಪ್ಪು ಬರುತ್ತದೆ, ಬೆಳಕು ಹರಿಯುವ ಮುಂಚೆ ಈಗ ಆನೆಯೂ ಬರುತ್ತದೆ. ಅದಕ್ಕಿಂತ ಹುಲ್ಲಿನ ಮೈದಾನದಲ್ಲಿ ಖೋ-ಖೋ ಆಡಿಸಿ. ಓಡು, ಕೂರು, ಏಳು, ತಿರುಗು ಎಂಬ ಆ ಆಟಕ್ಕಿಂತ ಒಳ್ಳೆಯ ಓಟದ ಅಭ್ಯಾಸ ನನಗೆ ಗೊತ್ತಿಲ್ಲ. ದಿನಕ್ಕೆ ಸರಾಸರಿ ಒಂದು ಗಂಟೆ ಮೈ ಬೆವರುವ ಚಟುವಟಿಕೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ಹೇಳುತ್ತದೆ. ಕಳ್ಳ-ಪೊಲೀಸ್ ಆಟವೂ ಆ ಲೆಕ್ಕಕ್ಕೆ ಬರುತ್ತದೆ. ದೂರ ಓಡಬೇಕೆಂಬ ಮಗು ಪಕ್ಕದವನ ಜೊತೆ ಮಾತಾಡುತ್ತಾ ಓಡುವಷ್ಟು ನಿಧಾನ ಓಡಲಿ, ಏದುಸಿರು ಬಂದರೆ ನಡೆಯಲಿ. ಬಿಸಿಯೂಟದ ಬೆನ್ನಿಗೇ ಆಟದ ಪೀರಿಯಡ್ ಇಡುವ ಶಾಲೆಗಳು ವೇಳಾಪಟ್ಟಿಯನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಬೂಟಿನ ವಿಷಯದಲ್ಲಿ ಎರಡೂ ಪಕ್ಷದವರ ಮೇಲೆ ನನಗೆ ಅನುಮಾನ. ಬರಿಗಾಲೇ ಶ್ರೇಷ್ಠ ಎನ್ನುವವರು 1960ರ ರೋಮ್ ಮ್ಯಾರಥಾನನ್ನು ಬರಿಗಾಲಿನಲ್ಲಿ ಗೆದ್ದ ಅಬೆಬೆ ಬಿಕಿಲಾನನ್ನು ಎಳೆದು ತರುತ್ತಾರೆ. ಅದೇ ಬಿಕಿಲಾ 1964ರಲ್ಲಿ ಟೋಕಿಯೊದಲ್ಲಿ ಶೂ ಹಾಕಿಕೊಂಡು ಇನ್ನೂ ಬೇಗ ಓಡಿ ಗೆದ್ದದ್ದನ್ನು ಹೇಳುವುದಿಲ್ಲ. ಸರ್ಕಾರ ಕೊಡುವ ಶೂಭಾಗ್ಯದ ಕರಿ ಶೂ ಶಾಲೆಗೆ ನಡೆಯುವುದಕ್ಕೆ ಸರಿ, ಓಡುವುದಕ್ಕೆ ಬಿಗಿ, ಮಳೆಯಲ್ಲಿ ಜಾರಿಕೆ. ಕಲ್ಲಿಲ್ಲದ ಹುಲ್ಲು, ಕೆಸರಿಗೆ ಬರಿಗಾಲು ಸಾಕು. ಜಂಬಿಟ್ಟಿಗೆಯ ಹರಳು, ಟಾರು ಆದರೆ ಬೆರಳು ಆಡುವಷ್ಟು ಜಾಗವಿರುವ ಸಾಧಾರಣ ಕ್ಯಾನ್ವಾಸ್ ಸಾಕು. ಐದು ಸಾವಿರದ ಶೂ ಬೆಳೆಯುವ ಪಾದಕ್ಕೆ ಆರು ತಿಂಗಳಲ್ಲಿ ಗಿಡ್ಡವಾಗುತ್ತದೆ.

ನೋವನ್ನು ಮಾತ್ರ ‘ಬೆಳೆಯೋ ಮಕ್ಕಳಿಗೆ ಅದೆಲ್ಲಾ ಇದ್ದದ್ದೇ’ ಎಂದು ತಳ್ಳಿಹಾಕಬಾರದು. ಮಕ್ಕಳ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಮೆದು ಭಾಗವಿರುತ್ತದೆ. ಸ್ನಾಯುವಿನ ಜಗ್ಗಾಟ ಬೀಳುವುದು ಅಲ್ಲಿಯೇ. ಮಂಡಿಚಿಪ್ಪಿನ ಕೆಳಗೆ ಗಂಟಿನಂತೆ ಉಬ್ಬಿ ನೋಯುವುದನ್ನು 1903ರಲ್ಲೇ ಆಸ್‌ಗುಡ್ ಮತ್ತು ಶ್ಲಾಟರ್ ಎಂಬ ಇಬ್ಬರು ವೈದ್ಯರು ಬೇರೆಬೇರೆಯಾಗಿ ವಿವರಿಸಿದ್ದರು. ಹಿಮ್ಮಡಿಯ ನೋವನ್ನು 1912ರಲ್ಲಿ ಸೀವರ್ ಎಂಬಾತ. ಎರಡೂ ಓಟ ಕಡಿಮೆ ಮಾಡಿದರೆ ಸಾಮಾನ್ಯವಾಗಿ ಇಳಿಯುತ್ತವೆ, ಹಟ ಮಾಡಿ ಓಡಿಸಿದರೆ ಎಳೆಯುತ್ತವೆ. ಕುಂಟುವ ಮಗುವನ್ನು ಎಣ್ಣೆ ತಿಕ್ಕಿ ಮಾರನೇ ದಿನ ಗೆರೆಯ ಮೇಲೆ ನಿಲ್ಲಿಸುವುದು ಕ್ರೌರ್ಯ.

ನಮ್ಮ ಸೀಮೆಗೇ ಸೇರಿದ ಅಪಾಯವೊಂದಿದೆ, ಯಾವ ಓಟದ ಪುಸ್ತಕದಲ್ಲೂ ಸಿಗದು. ಶಾಲಾ ವಾರ್ಷಿಕೋತ್ಸವಕ್ಕೆ ತಾಲೀಮು ನಡೆಯುವ ಡಿಸೆಂಬರ್, ಜನವರಿಯಲ್ಲೇ ಮಂಗನ ಕಾಯಿಲೆಯ ಉಣುಗು ಕಾಡಂಚಿನ ತರಗೆಲೆಗಳಲ್ಲಿ ಏಳುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ ಇತ್ತೀಚಿನ ವರ್ಷಗಳಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲೂ ಜನರನ್ನು ಮಲಗಿಸಿದೆ. ಮೇ ಮುಗಿಯುವವರೆಗೆ ಕಾಡುದಾರಿಯ ಓಟ ಬೇಡ. ಹೋಗಲೇಬೇಕಾದರೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರಿನಲ್ಲಿ ಸೋಪು ಹಾಕಿ ಸ್ನಾನ, ಬಟ್ಟೆ ಬಿಸಿನೀರಿಗೆ. ಮಂಗ ಸತ್ತ ಸುದ್ದಿ ಇರುವ ಕಡೆ ಮೈದಾನವೇ ಬೇಡ.

ಕೆಸರಿಗೂ ಅದರದ್ದೇ ಕೊಳೆ ಇದೆ. ಸಂಘಟಕರೇ, ಮುಂದಿನ ಮಳೆಗಾಲದಲ್ಲಿ ಮಕ್ಕಳನ್ನು ಇಳಿಸುವ ಮುಂಚೆ ನೀವು ನಾಲ್ಕು ಜನ ಬರಿಗಾಲಲ್ಲಿ ಗದ್ದೆಯ ಉದ್ದಗಲ ಓಡಾಡಿ ಬಾಟಲಿ ಚೂರು, ತಂತಿ, ಬೇರು ಹೆಕ್ಕಿ. ಕೆಸರು ಚಿಕ್ಕ ಮಕ್ಕಳ ಮಂಡಿಗಿಂತ ಕೆಳಗಿರಲಿ, ಹೊಸದಾಗಿ ಕಳೆನಾಶಕ ಹೊಡೆದ ಗದ್ದೆ ಆಗದು. ಕಾಲಿನಲ್ಲಿ ಹಸಿ ಗಾಯವಿರುವ ಮಗು ಆ ದಿನ ಅಂಚಿನ ಮೇಲೇ ಇರಲಿ, ಇಲಿಜ್ವರ ಒಳಹೋಗುವುದು ಹೆಚ್ಚಾಗಿ ಅಂಥ ಗಾಯದಿಂದ. ಮನೆಯವರೇ, ಕೆಸರಾಟದ ನಂತರದ ಎರಡು ಮೂರು ವಾರದಲ್ಲಿ ಮೈಕೈ ನೋವಿನ ಜೊತೆ ಜ್ವರ ಬಂದರೆ ಮಾತ್ರೆ ನುಂಗಿಸಿ ಕಾಯಬೇಡಿ. ವೈದ್ಯರಿಗೆ ತೋರಿಸಿ, ಮಗು ಗದ್ದೆಗೆ ಇಳಿದಿತ್ತು ಎಂದು ಮರೆಯದೆ ಹೇಳಿ.