ಸೆಕೆಂಡಿನ ಆಯುಷ್ಯ, ಲೇಸರಿನ ಲೆಕ್ಕ

ನೀರಿನ ಅಣುವಿನಿಂದ ಒಂದು ಜಲಜನಕ ಕಳಚಿ ಉಳಿದ ತುಣುಕೇ ಹೈಡ್ರಾಕ್ಸಿಲ್ ರಾಡಿಕಲ್. ಅದರ ಒಂದು ಎಲೆಕ್ಟ್ರಾನಿಗೆ ಜೊತೆಯಿಲ್ಲ. ಹಾಗಾಗಿ ಎದುರಾದ ಅಣುವಿನಿಂದ ಜಲಜನಕ ಕಿತ್ತುಕೊಂಡು ಮತ್ತೆ ನೀರಾಗುತ್ತದೆ. ಮರಳವಾಡಿಯ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಾ ಹಸು ತೇಗಿದಾಗ ಹೊರಬರುವ ಮೀಥೇನ್ ಗಾಳಿಯಲ್ಲಿ ಒಂಬತ್ತು-ಹತ್ತು ವರ್ಷ ಉಳಿಯುತ್ತದೆ. ಅದನ್ನು ಬಹುಪಾಲು ತೊಳೆಯುವುದು ಈ ರಾಡಿಕಲ್ಲೇ. ಬಿಸಿಲಿನ ನೇರಳಾತೀತ ಕಿರಣ ಓಝೋನನ್ನು ಒಡೆದಾಗ ಸಿಗುವ ಚುರುಕಾದ ಆಮ್ಲಜನಕ ಪರಮಾಣು ನೀರಾವಿಯನ್ನು ತಾಕಿದರೆ ಇದು ಹುಟ್ಟುತ್ತದೆ. ಬದುಕುವುದು ಸುಮಾರು ಒಂದು ಸೆಕೆಂಡು, ಎಷ್ಟೋ ಸಲ ಅಷ್ಟೂ ಇಲ್ಲ.

ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ ಹಗಲು ಹತ್ತು ಲಕ್ಷದ ಆಸುಪಾಸಿನಲ್ಲಿ ಈ ರಾಡಿಕಲ್‌ಗಳಿರುತ್ತವೆ. ಸಂಖ್ಯೆ ದೊಡ್ಡದೆನಿಸಬಹುದು. ಆದರೆ ಉಳಿದ ಅಣುಗಳ ಎದುರು ಅದು 25 ಲಕ್ಷ ಕೋಟಿಗೆ ಒಂದು! ಸೀಸೆಯಲ್ಲಿ ಹಿಡಿದು ಪ್ರಯೋಗಾಲಯಕ್ಕೆ ಒಯ್ಯುವ ಮಾತೇ ಇಲ್ಲ, ಇದ್ದಲ್ಲೇ ಅಳೆಯಬೇಕು.

ಅದಕ್ಕೊಂದು ದಾರಿ ಪ್ರತಿದೀಪ್ತಿ. ಗುಂಡುಸೂಜಿ ತಲೆಯಷ್ಟು ಕಿಂಡಿಯಿಂದ ಗಾಳಿಯನ್ನು ಒಂದು ಕೋಣೆಗೆ ಎಳೆಯುತ್ತಾರೆ. ಒಳಗಿನ ಒತ್ತಡ ಹೊರಗಿನ ನೂರರಲ್ಲೊಂದು ಪಾಲೂ ಇರುವುದಿಲ್ಲ. ಅಲ್ಲಿ 308 ನ್ಯಾನೋಮೀಟರಿನ ಲೇಸರ್ ಮಿಡಿತ ಹಾಯಿಸಿದರೆ ರಾಡಿಕಲ್ ಬೆಳಕನ್ನು ನುಂಗಿ, ಮತ್ತೆ ಹೊಳೆಯುತ್ತದೆ. ಪೇಚೆಂದರೆ, ಆ ಹೊಳಪೂ ಲೇಸರಿನ ಬಣ್ಣದ್ದೇ. ಒತ್ತಡ ಕಡಿಮೆಯಿದ್ದಾಗ ಡಿಕ್ಕಿಗಳು ಕಡಿಮೆ, ಹೊಳಪು ತುಸು ಹೊತ್ತು ನಿಲ್ಲುತ್ತದೆ. ಲೇಸರಿನ ಚೆದುರು ಬೆಳಕು ಅಡಗಿದ ಮೇಲೆ ಪತ್ತೆಕಾರಕವನ್ನು ತೆರೆದು ಫೋಟಾನುಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಹಿಂದೆ 282 ನ್ಯಾನೋಮೀಟರ್ ಬಳಸುತ್ತಿದ್ದಾಗ ಲೇಸರೇ ಓಝೋನನ್ನು ಒಡೆದು ಹೊಸ ರಾಡಿಕಲ್ ಹುಟ್ಟಿಸುತ್ತಿತ್ತು. ಕಳ್ಳನನ್ನು ಹುಡುಕಲು ಹೋದವನೇ ಕಳ್ಳತನ ಮಾಡಿದಂತೆ.

ಗಾಳಿ ತೊಳೆಯುವ ಕೆಲಸದಲ್ಲಿ ರಾತ್ರಿಯ ಪಾಳಿ ನೈಟ್ರೇಟ್ ರಾಡಿಕಲ್‌ನದು. ಬಿಸಿಲು ಬಿದ್ದರೆ ಅದು ಒಡೆದುಹೋಗುತ್ತದೆ. ಅದನ್ನು ಹಿಡಿಯಲು 662 ನ್ಯಾನೋಮೀಟರಿನ ಕೆಂಪು ಬೆಳಕು, ಎದುರುಬದುರು ಎರಡು ಕನ್ನಡಿ ಬೇಕು. 1988ರಲ್ಲಿ ವಿಜ್ಞಾನಿಗಳಾದ ಓ'ಕೀಫ್ ಮತ್ತು ಡೀಕನ್ ತೋರಿಸಿದ ಕನ್ನಡಿಗಳ ಉಪಾಯವಿದು. ಕನ್ನಡಿಗಳ ನಡುವೆ ಒಂದು ಮೀಟರ್ ಅಂತರವಿದ್ದು, ಅವು ಶೇ. 99.99 ಬೆಳಕನ್ನು ಹಿಂತಿರುಗಿಸಿದರೆ, ಬೆಳಕು ಕುಂದುವಷ್ಟರಲ್ಲಿ ಸುಮಾರು 10 ಕಿಲೋಮೀಟರ್ ಓಡಿರುತ್ತದೆ. ರಾಮನಗರದಿಂದ ಹೊರಟು ಚನ್ನಪಟ್ಟಣದ ಹತ್ತಿರ ಬಂದಷ್ಟು ದಾರಿ, ಸೆಕೆಂಡಿನ ಹತ್ತು ಲಕ್ಷ ಪಾಲುಗಳಲ್ಲಿ ಬರೀ 33 ಪಾಲಿನಲ್ಲಿ! ಗಂಟೆ ಬಾರಿಸಿದಾಗ ನಾದ ಕರಗುವಂತೆ ಬೆಳಕು ಕರಗುತ್ತದೆ. ನಡುವೆ ರಾಡಿಕಲ್ ಇದ್ದರೆ ಬೇಗ ಕರಗುತ್ತದೆ; ಎರಡು ಅವಧಿಗಳ ವ್ಯತ್ಯಾಸದಿಂದ ಸಂಖ್ಯೆ ಸಿಗುತ್ತದೆ. ಅಳೆಯುವುದು ಕಾಲವನ್ನಾದ್ದರಿಂದ ಲೇಸರಿನ ಪ್ರಖರತೆ ಏರುಪೇರಾದರೂ ಚಿಂತೆಯಿಲ್ಲ.

ಪ್ರತಿದೀಪ್ತಿ ವಿಧಾನಕ್ಕೆ ಆ ಅನುಕೂಲವಿಲ್ಲ. ಎಷ್ಟು ಹೊಳಪಿಗೆ ಎಷ್ಟು ರಾಡಿಕಲ್ ಎಂದು ಮೊದಲೇ ಗೊತ್ತಿರಬೇಕು. ಅದಕ್ಕಾಗಿ ನೀರಾವಿಯನ್ನು ಪಾದರಸ ದೀಪದ 185 ನ್ಯಾನೋಮೀಟರ್ ಬೆಳಕಿನಿಂದ ಒಡೆದು, ಲೆಕ್ಕ ಗೊತ್ತಿರುವಷ್ಟು ರಾಡಿಕಲ್ ತಯಾರಿಸಿ ಉಪಕರಣಕ್ಕೆ ಊಡುತ್ತಾರೆ. ಆಮೇಲೆ ಕಿಂಡಿಯ ಬಾಯಲ್ಲಿ ಪ್ರೊಪೇನಿನಂಥ ಅನಿಲ ಬೆರೆಸಿ ಹೊರಗಿನ ರಾಡಿಕಲ್‌ಗಳನ್ನೆಲ್ಲ ಮುಗಿಸುತ್ತಾರೆ. ಆಗಲೂ ಉಳಿಯುವ ಹೊಳಪು ಉಪಕರಣದೊಳಗೇ ಹುಟ್ಟಿದ್ದು, ಅದನ್ನು ಕಳೆಯಬೇಕು.