ಊರಿನಲ್ಲೊಂದು ಫ್ಲಾಟು, ಇಂಗ್ಲೆಂಡಿನಲ್ಲಿ ತೆರಿಗೆ!

ಮಗಳ ಹೆಸರಿಗೆ ಒಂದು ಮನೆ ಬರೆದುಕೊಟ್ಟರೆ ತಾಯಿತಂದೆಗೆ ಏನೋ ಒಂದು ನೆಮ್ಮದಿ. "ನಾಳೆ ಏನಾದರೂ ಹೆಚ್ಚುಕಡಮೆಯಾದರೆ ಅವಳದು ಅಂತ ಒಂದು ಸೂರು ಇರಲಿ" ಅನ್ನುವ ಮಾತು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಒಳ್ಳೆಯ ಮಾತೇ. ಆದರೆ ಆ ಮಗಳು ಗಂಡನ ಜೊತೆ ಇಂಗ್ಲೆಂಡಿನಲ್ಲಿದ್ದು, ಅಲ್ಲೇ ಒಂದು ಮನೆ ಕೊಳ್ಳಲು ಹೊರಟಳು ಅನ್ನಿ. ಆಗ ನಾವು ಪ್ರೀತಿಯಿಂದ ಮಾಡಿಸಿಕೊಟ್ಟ ಆ ಪತ್ರವೇ ಅವಳ ಕೈಯಿಂದ ಇಪ್ಪತ್ತು ಲಕ್ಷ ರೂಪಾಯಿಗೂ ಮೇಲೆ ಕೀಳಬಹುದು ಅಂದರೆ ನಂಬುತ್ತೀರಾ?

ನಮ್ಮ ಕರ್ನಾಟಕದಲ್ಲಿ ಮನೆ ಕೊಂಡರೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಕಟ್ಟುತ್ತೇವೆ. ನೋಂದಣಿ ಶುಲ್ಕ ೨೦೨೫ರ ಆಗಸ್ಟ್ ೩೧ರಿಂದ ನೂರಕ್ಕೆ ಒಂದಿದ್ದದ್ದು ಎರಡಾಯಿತು ಅಂತ ಎಲ್ಲರೂ ಗೊಣಗಿದ್ದಾಯಿತು. ಆದರೂ ಇದು ನಿಮಗೆ ಮೊದಲನೇ ಮನೆಯೋ ಮೂರನೆಯದೋ ಅಂತ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಯಾರೂ ಕೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಅದನ್ನೇ ಮೊದಲು ಕೇಳುತ್ತಾರೆ. ಒಂದು ಮನೆ ಇಟ್ಟುಕೊಂಡು ಇನ್ನೊಂದು ಕೊಂಡರೆ, ಮಾಮೂಲು ತೆರಿಗೆಯ ಮೇಲೆ ಹೆಚ್ಚುವರಿ ತೆರಿಗೆ. ೨೦೧೬ರ ಏಪ್ರಿಲ್‌ನಲ್ಲಿ ಶುರುವಾದಾಗ ಅದು ನೂರಕ್ಕೆ ಮೂರು ಇತ್ತು, ೨೦೨೪ರ ಅಕ್ಟೋಬರ್ ೩೧ರಿಂದ ಐದು ಮಾಡಿದರು. ಆ ಐದು, ಮನೆಯ ಪೂರ್ತಿ ಬೆಲೆಯ ಮೇಲೆ. ಮತ್ತೆ "ಇನ್ನೊಂದು ಮನೆ" ಅಂದರೆ ಇಂಗ್ಲೆಂಡಿನಲ್ಲೇ ಇರಬೇಕು ಅಂತಿಲ್ಲ. ಪ್ರಪಂಚದಲ್ಲಿ ಎಲ್ಲಿದ್ದರೂ ಲೆಕ್ಕ. ದಾವಣಗೆರೆಯಲ್ಲಿ ಬೀಗ ಹಾಕಿಟ್ಟ ಮನೆಯೂ ಸರಿ, ಮೈಸೂರಿನಲ್ಲಿ ಬಾಡಿಗೆಗೆ ಕೊಟ್ಟ ಫ್ಲಾಟೂ ಸರಿ.

ಅಡಿಗೆ ಲೆಕ್ಕದ ಹಾಗೆ ಬಿಡಿಸಿ ನೋಡೋಣ. ಮೂರು ಲಕ್ಷ ಪೌಂಡಿನ ಮನೆ ಅಂದುಕೊಳ್ಳಿ. ೨೦೨೫ರ ಏಪ್ರಿಲ್ ೧ರಿಂದ ಇರುವ ದರದಲ್ಲಿ, ಜನ್ಮದಲ್ಲಿ ಎಲ್ಲೂ ಮನೆಯ ಒಡೆತನವೇ ಇಲ್ಲದವರು ವಾಸಕ್ಕೆಂದು ಕೊಂಡರೆ ಸೊನ್ನೆ. ಹಿಂದೆ ಒಂದು ಮನೆ ಇದ್ದು, ಈಗ ಇಲ್ಲದವರಿಗೆ ೫,೦೦೦ ಪೌಂಡು. ಈಗಲೂ ಇನ್ನೊಂದು ಮನೆ ಇರುವವರಿಗೆ ೨೦,೦೦೦ ಪೌಂಡು! ಪೌಂಡಿಗೆ ನೂರು ರೂಪಾಯಿಗೂ ಮೇಲಿರುವಾಗ ಇದು ಎಷ್ಟಾಯಿತು ಅಂತ ನೀವೇ ಗುಣಿಸಿ. ಕೊಂಡ ಹದಿನಾಲ್ಕು ದಿನದೊಳಗೆ ಕಟ್ಟಬೇಕು. ಮನೆಸಾಲಕ್ಕೆ ಮುಂಗಡ ಹೊಂದಿಸಿ ಸುಸ್ತಾದವರ ಹತ್ತಿರ ಆಗ ಇನ್ನೆಷ್ಟು ಉಳಿದಿರುತ್ತೆ?

ನನ್ನ ಅಕ್ಕನ ಮಗಳಿಗೆ ಬಂದದ್ದು ಇದೇ ಪೇಚು. ಆರು ವರ್ಷದ ಹಿಂದೆ ಅಕ್ಕ ಭಾವ ಅವಳಿಗೆ ಒಂದು ಫ್ಲಾಟು ದಾನಪತ್ರ ಮಾಡಿಕೊಟ್ಟಿದ್ದರು. ಅವಳು ಅದರಲ್ಲಿ ಒಂದು ದಿನವೂ ಇದ್ದದ್ದಿಲ್ಲ. ಅಲ್ಲಿ ಮನೆ ಗೊತ್ತುಮಾಡಿದ ಮೇಲೆ ವಕೀಲರಿಂದ ಪ್ರಶ್ನೆಗಳ ಪಟ್ಟಿ ಬಂತು. "ಚಿಕ್ಕಮ್ಮಾ, ನಿನ್ನ ಹೆಸರಲ್ಲಿ ಎಲ್ಲಾದ್ರೂ ಮನೆ ಇದ್ಯಾ ಅಂತ ಕೇಳ್ತಿದಾರೆ. ಇಲ್ಲ ಅಂತ ಬರೆದುಬಿಡು, ಇಂಡಿಯಾದ್ದು ಇವರಿಗೆ ಹೇಗೆ ಗೊತ್ತಾಗತ್ತೆ ಅಂತಾರೆ ಇವರ ಸ್ನೇಹಿತರೆಲ್ಲ" ಅಂದಳು. ಈ ಸ್ನೇಹಿತರ ಸಲಹೆ ಬಹಳ ಕೆಟ್ಟದ್ದು. ಲೆಕ್ಕ ಸರಿ ಅಂತ ಒಪ್ಪಿಕೊಳ್ಳುವವಳು ಅವಳು, ಸುಳ್ಳು ಅಂತಾದರೆ ತೆರಿಗೆ, ಬಡ್ಡಿ, ದಂಡ ಎಲ್ಲಾ ಅವಳ ತಲೆಗೆ. ಗಂಡನ ಹೆಸರಲ್ಲಿ ಮಾತ್ರ ಕೊಂಡುಬಿಡೋಣ ಅಂದರೂ ಆಗಲಿಲ್ಲ. ಒಟ್ಟಿಗೆ ಬಾಳುತ್ತಿರುವ ಗಂಡಹೆಂಡತಿ ಆ ಲೆಕ್ಕದಲ್ಲಿ ಒಂದೇ. ಹದಿನೆಂಟು ತುಂಬದ ಮಕ್ಕಳ ಹೆಸರಿನ ಮನೆಯೂ ಅಪ್ಪಅಮ್ಮನ ಲೆಕ್ಕಕ್ಕೇ ಸೇರುತ್ತೆ.

ಕೊನೆಗೆ ಉಳಿದದ್ದು ಒಂದೇ ದಾರಿ. ಅಲ್ಲಿನ ಮನೆಯ ವಹಿವಾಟು ಮುಗಿಯುವ ಮೊದಲೇ ಫ್ಲಾಟನ್ನು ಅಮ್ಮನಿಗೇ ವಾಪಸ್ಸು ಬರೆದುಕೊಡುವುದು. ಅಕ್ಕ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. "ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟದ್ದನ್ನ ವಾಪಸ್ಸು ತಗೊಳ್ಳೋದಾ?" ಅಂತ. ಅವಳ ಸಂಕಟ ಸುಳ್ಳಲ್ಲ. ಮನೆಯಲ್ಲಿ ಮಗನೂ ಸೊಸೆಯೂ ಇದ್ದಾರೆ, ನಾಳೆ ಮಾತು ಹೇಗೆ ತಿರುಗುತ್ತೋ ಯಾರಿಗೆ ಗೊತ್ತು? ಅದಕ್ಕೇ ದಾನಪತ್ರದ ಜೊತೆಗೇ ಅಕ್ಕ ಉಯಿಲನ್ನೂ ಬರೆದು ರಿಜಿಸ್ಟರ್ ಮಾಡಿಸಿದಳು, ಮಗನನ್ನು ಎದುರಿಗೆ ಕೂರಿಸಿಕೊಂಡು ಓದಿ ಹೇಳಿದಳು. ಉಯಿಲಿನಲ್ಲಿ ಹೆಸರಿದ್ದ ಮಾತ್ರಕ್ಕೆ ಮಗಳು ಈಗಲೇ ಒಡತಿಯಾಗುವುದಿಲ್ಲ, ಹಾಗಾಗಿ ಅಲ್ಲಿ ಲೆಕ್ಕಕ್ಕೂ ಬರುವುದಿಲ್ಲ. ೨೦,೦೦೦ದ ಜಾಗದಲ್ಲಿ ೫,೦೦೦ ಪೌಂಡು ಕಟ್ಟಿದಳು. ಸೊನ್ನೆ ಮಾತ್ರ ದಕ್ಕಲಿಲ್ಲ. ಒಮ್ಮೆ ಮನೆಯ ಒಡತಿಯಾದವಳು, ದಾನದಿಂದಾಗಲಿ ಪಿತ್ರಾರ್ಜಿತದಿಂದಾಗಲಿ, ಮತ್ತೆ "ಮೊದಲ ಸಲ ಕೊಳ್ಳುವವಳು" ಆಗುವುದಿಲ್ಲ.

ಇನ್ನೊಂದು ಮಾತು. ಹೀಗೆ ವಾಪಸ್ಸು ಕೊಡುವಾಗ, ಫ್ಲಾಟಿನ ಬೆಲೆ ಏರಿದ್ದರೆ ಅಲ್ಲಿ ವಾಸಿಸುವವರಿಗೆ ಆ ಲಾಭದ ಮೇಲೆ ಬೇರೆ ತೆರಿಗೆ ಬೀಳಬಹುದು, ದಾನವೇ ಆದರೂ. ಎರಡನ್ನೂ ತೂಗಿ ನೋಡಿ, ಎರಡೂ ದೇಶದ ಲೆಕ್ಕ ಬಲ್ಲವರನ್ನು ಕೇಳಿಯೇ ಕೈಹಾಕಬೇಕು.

ಎಲ್ಲವೂ ಲೆಕ್ಕಕ್ಕೆ ಬರುತ್ತೆ ಅಂತ ಗಾಬರಿ ಬೇಡ. ಖಾಲಿ ಸೈಟು, ಹೊಲಗದ್ದೆ ಮನೆಯಲ್ಲ. ನಿಮ್ಮ ಪಾಲಿನ ಬೆಲೆ ೪೦,೦೦೦ ಪೌಂಡಿಗಿಂತ ಕಡಮೆ ಇದ್ದರೆ ಹೆಚ್ಚುವರಿ ತೆರಿಗೆ ಇಲ್ಲ, ಹಾಗಾಗಿ ಅಜ್ಜನ ಹೆಂಚಿನ ಮನೆಯಲ್ಲಿ ನಾಲ್ಕಾಣೆ ಪಾಲಿರುವವರು ಬೆಲೆ ಕಟ್ಟಿಸಿ ನೋಡಿಕೊಳ್ಳಬಹುದು. ಕಳೆದ ಮೂರು ವರ್ಷದೊಳಗೆ ಪಿತ್ರಾರ್ಜಿತವಾಗಿ ಬಂದದ್ದು ಅರ್ಧ ಪಾಲು ಮೀರದಿದ್ದರೆ ಅದನ್ನೂ ಬಿಡುತ್ತಾರೆ. ಅಲ್ಲೇ ತಾವು ವಾಸವಿದ್ದ ಮನೆಯನ್ನು ಮಾರಿ ವಾಸಕ್ಕೆಂದೇ ಇನ್ನೊಂದನ್ನು ಕೊಳ್ಳುವವರಿಗಂತೂ, ಊರಿನಲ್ಲಿ ಫ್ಲಾಟಿದ್ದರೂ ಈ ಐದು ಇಲ್ಲ.

ಹಣ ಕಳಿಸುವ ತಾಯಿತಂದೆಯರಿಗೆ ಒಂದು ಎಚ್ಚರಿಕೆ. "ನಮ್ಮ ದುಡ್ಡೂ ಇದೆಯಲ್ಲ, ನಮ್ಮ ಹೆಸರೂ ಪತ್ರದಲ್ಲಿರಲಿ" ಅನ್ನಬೇಡಿ. ಕೊಳ್ಳುವವರಲ್ಲಿ ಒಬ್ಬರಿಗೆ ಇನ್ನೊಂದು ಮನೆ ಇದ್ದರೂ ಪೂರ್ತಿ ಬೆಲೆಗೆ ಐದು ಬೀಳುತ್ತೆ. ನೀವು ಇಲ್ಲೇ ವಾಸವಿರುವವರಾದ್ದರಿಂದ, ಹೊರದೇಶದವರು ಅಂತ ೨೦೨೧ರಿಂದ ಹಾಕುತ್ತಿರುವ ನೂರಕ್ಕೆ ಎರಡೂ ಸೇರುತ್ತೆ.

ಊರಿನ ಮನೆಯಲ್ಲೇ ಸಂಸಾರ ಮಾಡಿಕೊಂಡಿದ್ದು, ಆಮೇಲೆ ಅಲ್ಲಿಗೆ ಹೋದವರಿಗೆ ಮಾತ್ರ ಇನ್ನೊಂದು ಅವಕಾಶವಿದೆ. ಅಲ್ಲಿ ಕೊಳ್ಳುವುದಕ್ಕೆ ಹಿಂದಿನ ಮೂರು ವರ್ಷದೊಳಗೆ ಆ ಮನೆಯೇ ತಮ್ಮ ಮುಖ್ಯ ವಾಸವಾಗಿದ್ದು, ಕೊಂಡ ಮೇಲೆ ಮೂರು ವರ್ಷದೊಳಗೆ ಅದನ್ನು ಮಾರಿದರೆ, ಕಟ್ಟಿದ ಹೆಚ್ಚುವರಿ ತೆರಿಗೆ ವಾಪಸ್ಸು ಬರುತ್ತೆ. ತಾನಾಗಿ ಬರುವುದಿಲ್ಲ, ಮಾರಿದ ಹನ್ನೆರಡು ತಿಂಗಳೊಳಗೆ ಅರ್ಜಿ ಹಾಕಬೇಕು. ಹಳೇ ವಿದ್ಯುತ್ ಬಿಲ್ಲು, ಗ್ಯಾಸ್ ಪುಸ್ತಕ, ಕಂದಾಯದ ರಸೀತಿ ಯಾವುದನ್ನೂ ರದ್ದಿಗೆ ಹಾಕಬೇಡಿ, ಅಲ್ಲಿ ವಾಸವಿದ್ದಿರಿ ಅನ್ನುವುದಕ್ಕೆ ಅವೇ ಸಾಕ್ಷಿ.