ಡಿಶ್ ಕೂರಿಸಲು ಮರ ಕಡಿಯಬೇಕೇ?



ಗೊಬ್ಬರದ ಲೆಕ್ಕ ಕೇಳಲು ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಹಲವರು ಟಿ.ವಿ. ಡಿಶ್ ವಿಚಾರವನ್ನೂ ಕೇಳುವುದುಂಟು. ಯಾವುದನ್ನು ಕೊಳ್ಳಬೇಕು, ಎಲ್ಲಿ ಕೂರಿಸಬೇಕು, ಮಳೆ ಬಂದಾಗ ಚಿತ್ರ ನಿಲ್ಲುವುದೇಕೆ ಎಂಬುದು ಪ್ರಶ್ನೆ. ನಾನು ಟಿ.ವಿ. ರಿಪೇರಿಯವನಲ್ಲ. ಆದರೆ ಎರಡು ಸಿಲ್ವರ್ ಮರಗಳನ್ನು ದಂಡ ತೆತ್ತು ಪಾಠ ಕಲಿತವನಾದ್ದರಿಂದ ನಾಲ್ಕು ಮಾತು ಬರೆಯುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೆ ಡಿಶ್ ಹಾಕಲು ಬಂದ ಹುಡುಗ ಅಂಗಳದ ಮೂಲೆಯಲ್ಲಿ ಕಂಬ ನೆಟ್ಟ. ತಟ್ಟೆಯ ಮುಖ ನೋಡುತ್ತಿದ್ದ ಕಡೆ ಎರಡು ಸಿಲ್ವರ್ ಮರಗಳಿದ್ದವು. "ಸಾರ್, ಇವು ಅಡ್ಡ ಬರ್ತವೆ, ತೆಗೆಸಿಬಿಡಿ" ಎಂದ. ಒಳಗೆ ತಾಯಿಯವರು ಧಾರಾವಾಹಿಗೆ ಕಾದು ಕೂತಿದ್ದರು. ತೆಗೆಸಿದೆ. ಅವಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿಗಳಿಗೆ ಹನ್ನೆರಡು ವರ್ಷ ತುಂಬಿತ್ತು. ಮರ ಉರುಳಿದ ಮೇಲೂ ಚಿತ್ರ ಬರಲಿಲ್ಲ! ಕೊನೆಗೆ ನೋಡಿದರೆ ಕೇಬಲ್ಲಿನ ತುದಿಯ ಕನೆಕ್ಟರಿನಲ್ಲಿ ತಂತಿ ಸರಿಯಾಗಿ ಕೂತಿರಲಿಲ್ಲ. ನೆರಳು ಹೋದ ಜಾಗದ ಅರೇಬಿಕಾ ಗಿಡಗಳು ಆ ಬೇಸಿಗೆ ಬಿಸಿಲಿಗೆ ಬೆಂದವು, ಮುಂದಿನ ವರ್ಷ ಅವಕ್ಕೇ ಬಿಳಿ ಕಾಂಡಕೊರಕ ಬಿತ್ತು. ಹುಡುಗನದು ತಪ್ಪು, ಲೆಕ್ಕ ಹಾಕದೆ ಕೊಡಲಿ ಕೊಟ್ಟ ನನ್ನದು ಇನ್ನೂ ದೊಡ್ಡ ತಪ್ಪು.

ಈಗ ಲೆಕ್ಕಕ್ಕೆ ಬರೋಣ. ದೂರದರ್ಶನದ ಡಿಡಿ ಫ್ರೀ ಡಿಶ್ ಬರುವುದು 2015ರಲ್ಲಿ ಹಾರಿಸಿದ ಜಿಸ್ಯಾಟ್-15 ಉಪಗ್ರಹದಿಂದ. ಅದು ಭೂಮಧ್ಯರೇಖೆಯ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಮ್ಮ ಪಾಲಿಗೆ ನಿಂತಲ್ಲೇ ನಿಂತಿರುತ್ತದೆ. ಚಿಕ್ಕಮಗಳೂರಿನ ಸುತ್ತ ನಿಂತು ನೋಡಿದರೆ ದಿಕ್ಕು ಆಗ್ನೇಯ, ದಿಕ್ಸೂಚಿಯಲ್ಲಿ ಸುಮಾರು 126 ಡಿಗ್ರಿ. ಎತ್ತರದ ಕೋನ ಸುಮಾರು 64 ಡಿಗ್ರಿ. ಕೊಡಗಿನಿಂದ ಶಿರಸಿಯವರೆಗೆ ಒಂದೆರಡು ಡಿಗ್ರಿ ಆಚೀಚೆ ಅಷ್ಟೆ.

64 ಡಿಗ್ರಿಯೆಂದರೆ ನೆತ್ತಿಗೆ ಹತ್ತಿರ. ಆದ್ದರಿಂದಲೇ ಗುಡ್ಡದ ಬುಡದ ಮನೆಗೂ ಸಿಗ್ನಲ್ ಸಿಗುತ್ತದೆ. ಮರದ ಎತ್ತರದ ಅರ್ಧದಷ್ಟು ದೂರದಲ್ಲಿ ತಟ್ಟೆಯಿದ್ದರೆ ಮರ ಅಡ್ಡ ಬರುವುದಿಲ್ಲ. 60 ಅಡಿಯ ಸಿಲ್ವರ್ ಮರಕ್ಕೆ 30 ಅಡಿ ಸಾಕು. ಮರದ ಬುಡ ಮನೆಗಿಂತ ಮೇಲಿನ ಏರಿನಲ್ಲಿದ್ದರೆ ಆ ಎತ್ತರವನ್ನೂ ಕೂಡಿಸಿಕೊಳ್ಳಿ, ಚಾಚಿದ ಕೊಂಬೆಗೂ ಬೆಳೆಯುವ ತುದಿಗೂ ಒಂದಿಷ್ಟು ಬಿಡಿ. ನಮ್ಮ ಮರಗಳಿದ್ದುದು ಕಂಬದಿಂದ 45 ಅಡಿ ದೂರದಲ್ಲಿ!

ಹಾಗಾದರೆ ತಟ್ಟೆ ಮರವನ್ನೇ ನೋಡುತ್ತಿದ್ದಂತೆ ಕಂಡದ್ದೇಕೆ? ಈ ಚಿಕ್ಕ ತಟ್ಟೆಗಳಲ್ಲಿ ಎಲ್‌ಎನ್‌ಬಿ, ಅಂದರೆ ಮುಂದಕ್ಕೆ ಚಾಚಿದ ಕೈಯ ತುದಿಯ ಗುಬುಟು, ನಡುವಿಗೆ ನೇರವಾಗಿರದೆ ಕೆಳಗಿರುತ್ತದೆ. ತಟ್ಟೆಯ ಮುಖ ನಲವತ್ತು ಡಿಗ್ರಿಯಷ್ಟು ಮೇಲಕ್ಕೆ ನೋಡುವಂತೆ ತೋರಿದರೂ ಅದು ಹಿಡಿಯುವ ಕಿರಣ ಅದಕ್ಕಿಂತ 24-25 ಡಿಗ್ರಿ ಮೇಲಿನಿಂದ ಬರುತ್ತದೆ. ಕಣ್ಣಳತೆಗೆ ಇಲ್ಲಿ ಮೋಸವಿದೆ.

ಲೆಕ್ಕ ಬೇಡವೆನ್ನುವವರು ಸೂರ್ಯನನ್ನೇ ಕೇಳಬಹುದು. ಮಾರ್ಚ್ 15ರ ಆಸುಪಾಸು ಬೆಳಿಗ್ಗೆ ಸುಮಾರು 11-15ಕ್ಕೆ, ಸೆಪ್ಟೆಂಬರ್ 28ರ ಆಸುಪಾಸು ಸುಮಾರು 10-55ಕ್ಕೆ ಸೂರ್ಯ ಈ ಉಪಗ್ರಹದ ಬೆನ್ನಿಗೆ ಬರುತ್ತಾನೆ. ಆಗ ಮರದ ನೆರಳು ಬೀಳದ ಜಾಗವೇ ತಟ್ಟೆಯ ಜಾಗ. ಅದೇ ದಿನಗಳಲ್ಲಿ ಅದೇ ಹೊತ್ತಿಗೆ ಕೆಲವು ನಿಮಿಷ ಚಿತ್ರ ಕೆಡುವುದೂ ಇದರಿಂದಲೇ, ರಿಪೇರಿಯವರನ್ನು ಕರೆಯಬೇಡಿ. ಒಂದು ಎಚ್ಚರಿಕೆ: ಖಾಸಗಿ ಕಂಪನಿಗಳಲ್ಲಿ ಹಲವು ಬೇರೆ ಉಪಗ್ರಹಗಳನ್ನು ಬಳಸುತ್ತವೆ, ಅವಕ್ಕೆ ಈ ಅಂಕಿಗಳು ಹೊಂದುವುದಿಲ್ಲ.

ಯಾವುದನ್ನು ಕೊಳ್ಳಬೇಕೆಂದರೆ, ಫ್ರೀ ಡಿಶ್‌ಗೆ ತಿಂಗಳ ಬಾಡಿಗೆಯಿಲ್ಲ, ಚಂದನ ಸಿಗುತ್ತದೆ. ಮನೆಯವರ ಧಾರಾವಾಹಿಯ ವಾಹಿನಿ ಅದರಲ್ಲಿದೆಯೇ ಎಂದು ಪಟ್ಟಿ ನೋಡಿಯೇ ಹಣ ಕೊಡಿ, ಇಲ್ಲವಾದರೆ ಮನೆಯಲ್ಲಿ ಶಾಂತಿಯಿರದು. ಸೆಟ್‌ಟಾಪ್ ಬಾಕ್ಸ್ ಎಂಪೆಗ್-4 ಇರಲಿ, ಹಳೆಯ ಎಂಪೆಗ್-2 ಬಾಕ್ಸಿನಲ್ಲಿ ಎಲ್ಲ ವಾಹಿನಿಗಳೂ ಬರುವುದಿಲ್ಲ.

ಇನ್ನು ಮಳೆ. ಈ ಅಲೆಗಳನ್ನು ದಪ್ಪ ಹನಿಗಳು ಹೀರಿಬಿಡುತ್ತವೆ. ಆಷಾಢದ ಜಡಿಮಳೆಗೆ ಯಾವ ಡಿಶ್ಶೂ ಪೂರ್ತಿ ತಡೆಯದು. ಆದರೂ 60 ಸೆಂಟಿಮೀಟರ್ ತಟ್ಟೆಯ ಬದಲು 90 ಸೆಂಟಿಮೀಟರಿನದು ಹಾಕಿದರೆ ಎರಡೂಕಾಲು ಪಟ್ಟು ಸಿಗ್ನಲ್ ಹಿಡಿಯುತ್ತದೆ, ಚಿತ್ರ ನಿಲ್ಲುವ ಹೊತ್ತು ಕಡಿಮೆಯಾಗುತ್ತದೆ. ಗಾಳಿಗೂ ಹೆಚ್ಚು ಸಿಕ್ಕುವುದರಿಂದ ಕಂಬಕ್ಕೆ ಕಾಂಕ್ರೀಟ್ ಗಟ್ಟಿಯಾಗಿರಲಿ, ಕಂಬ ತೂಕಗುಂಡಿಗೆ ನೇರವಿರಲಿ. ಕೂರಿಸುವಾಗ ಪರದೆಯ ಮೇಲೆ ಬರುವ ಎರಡು ಪಟ್ಟಿಗಳಲ್ಲಿ ಶಕ್ತಿಯದ್ದಲ್ಲ, ಗುಣಮಟ್ಟದ ಪಟ್ಟಿಯನ್ನು ನೋಡಿ. ತಟ್ಟೆಯನ್ನು ಕೂದಲೆಳೆಯಷ್ಟು ಸರಿಸಿ, ಎಲ್‌ಎನ್‌ಬಿಯನ್ನೂ ತಿರುಗಿಸಿ, ಅದು ಅತಿ ಹೆಚ್ಚಾದಲ್ಲಿ ಬಿಗಿಯಿರಿ.

ಕೇಬಲ್ ಮನೆಯೊಳಗೆ ಹೋಗುವ ಮುನ್ನ ಕೆಳಕ್ಕೊಂದು ಬಳುಕು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಹೊರಗಿನ ಕನೆಕ್ಟರಿಗೆ ನೀರು ಹೋಗದಂತೆ ಟೇಪು ಸುತ್ತಿಸಿ. ಹೂಮಳೆಯ ಗುಡುಗು ಕೇಳುವ ಮೊದಲೇ ಕೇಬಲ್ಲನ್ನೂ ಪ್ಲಗ್ಗನ್ನೂ ಕಳಚಿಡಿ. ಮಂಗಗಳಿಗೆ ಮಾತ್ರ ನನ್ನಲ್ಲಿ ಮದ್ದಿಲ್ಲ. ಅವು ಜೋಲಾಡಿದ ಮೇಲೆ ತಟ್ಟೆಯನ್ನು ಮತ್ತೆ ಕೂರಿಸಬೇಕಾಗುತ್ತದೆ, ಮೊದಲು ಇದ್ದ ಜಾಗಕ್ಕೆ ಬಣ್ಣದ ಗುರುತು ಹಾಕಿಟ್ಟಿದ್ದರೆ ಆಗ ಕೆಲಸ ಸುಲಭ.

ಕಚೇರಿಯಲ್ಲಿ ಒಂದು ದಿಕ್ಸೂಚಿ ಇಟ್ಟಿದ್ದೇನೆ. ಕಬ್ಬಿಣದ ಕಂಬ, ತಗಡಿನ ಮಾಡುಗಳಿಂದ ದೂರ ನಿಂತು ನೋಡಬೇಕು. ಬೇಕಾದ ಸದಸ್ಯರು ಪುಸ್ತಕದಲ್ಲಿ ಸಹಿ ಮಾಡಿ ಒಯ್ದು, ಮರುದಿನ ಹಿಂದಿರುಗಿಸತಕ್ಕದ್ದು.

– ಕಾರ್ಯದರ್ಶಿ